ಬೀರುವಿನ ಬೀಗ ತೆಗೆಯದೆ ಓದಿನ ಹಬ್ಬವೇ?

ನವೆಂಬರ್ 14 ಬಂತೆಂದರೆ ಶಾಲೆಗಳಲ್ಲಿ ಗಡಿಬಿಡಿಯೋ ಗಡಿಬಿಡಿ. ಅಂದು ಮಕ್ಕಳ ದಿನಾಚರಣೆ. ಅಂದಿನಿಂದಲೇ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಬ್ಯಾನರ್ ಕಟ್ಟಿ, ಮುಖ್ಯ ಅತಿಥಿಗೆ ಹಾರ ಹಾಕಿ, 'ದೇಶ ಸುತ್ತು, ಕೋಶ ಓದು' ಅಂತ ಭಾಷಣ ಮಾಡಿಸಿ, ಮಕ್ಕಳ ಕೈಗೊಂದು ಬಿಸ್ಕತ್ ಪೊಟ್ಟಣ ಕೊಟ್ಟರೆ ಹಬ್ಬ ಮುಗೀತು. ಕೋಶ ಮಾತ್ರ ಬೀರುವಿನಲ್ಲೇ ಭದ್ರ!

ಹೆಗ್ಗನಹಳ್ಳಿಯ ಪ್ರಾಥಮಿಕ ತರಗತಿಗಳಲ್ಲಾದರೂ ಈ ಹಬ್ಬ ಬೇರೆ ರೀತಿ ನಡೆದೀತೇ? ನಡೆಯಲೇಬೇಕು ಅನ್ನೋದಕ್ಕೆ ಕಾರಣವಿದೆ.

ಹೆಸರಿಗೆ ಮಾತ್ರ ಹಳ್ಳಿ

ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ಈ ಭಾಗದಲ್ಲಿ ಬದುಕು ನಡೆಯುವುದೇ ಶಿಫ್ಟಿನ ಲೆಕ್ಕದಲ್ಲಿ. ಅಪ್ಪ ವರ್ಕ್‌ಶಾಪಿಗೆ, ಅಮ್ಮ ಗಾರ್ಮೆಂಟ್ಸಿಗೆ. ಬಾಡಿಗೆ ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಇನ್ನೊಂದು ಪುಸ್ತಕ ಹುಡುಕಿದರೂ ಸಿಗದ ಸಂಸಾರಗಳೆಷ್ಟೋ!

ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ನವೆಂಬರ್ 14ರಂದು 'ಓದುವ ಬೆಳಕು' ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ. ಒಳ್ಳೇ ಕೆಲಸ. ಆದರೆ ಹೆಗ್ಗನಹಳ್ಳಿಗೆ ಹೆಸರಲ್ಲಿ ಹಳ್ಳಿ ಇದೆಯೇ ಹೊರತು ಪಂಚಾಯಿತಿ ಎಲ್ಲಿದೆ? ಬೃಹತ್ ಬೆಂಗಳೂರು 2007ರಲ್ಲೇ ಈ ಊರನ್ನು ನುಂಗಿತು. ಪಂಚಾಯಿತಿಯ ಬೆಳಕು ಇಲ್ಲಿಗೆ ಬೀಳೋದಿಲ್ಲ.

ಹಾಗಂತ ನಾವು ಕಾಸು ಕೊಡದೆ ಕೇಳುತ್ತಿಲ್ಲ ಸ್ವಾಮಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಮನೆ ಕಂದಾಯದ ಪ್ರತಿ 100 ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಸೆಸ್ ಇದೆ. ಮಾಲೀಕ ಕಟ್ಟಿದ್ದನ್ನು ಬಾಡಿಗೆಯವನ ಮೇಲೇ ಹೊರಿಸುತ್ತಾನೆ. ಅಲ್ಲಿಗೆ ಗಾರ್ಮೆಂಟ್ಸ್ ತಾಯಿಯೂ ತನ್ನ ಮಗುವಿನ ಪುಸ್ತಕಕ್ಕೆ ದುಡ್ಡು ಕೊಟ್ಟಾಗಿದೆ!

ಯೋಜನೆಗೆ ಬರವಿಲ್ಲ

ಸರ್ಕಾರದಲ್ಲಿ ಯೋಜನೆಗಳಿಗೇನೂ ಕೊರತೆಯಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ 'ನಲಿ-ಕಲಿ' ರಾಜ್ಯವನ್ನೆಲ್ಲ ಹಬ್ಬಿತು. 2021ರಲ್ಲಿ ಕೇಂದ್ರದ 'ನಿಪುಣ್ ಭಾರತ್' ಬಂತು. 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಓದಿ ಅರ್ಥ ಮಾಡಿಕೊಳ್ಳಬೇಕೆಂಬುದು ಅದರ ಗುರಿ. 2022ರ ಜನವರಿ 1ರಿಂದ 100 ದಿನದ ಓದಿನ ಅಭಿಯಾನವೂ ನಡೆಯಿತು. ಎಲ್ಲಾ ಸರಿ, ಬೀರುವಿಗೆ ಬೀಗ ಯಾಕೆ?

ಮೇಷ್ಟ್ರನ್ನು ಬೈದರೆ ನ್ಯಾಯವಲ್ಲ. ಪುಸ್ತಕ ದಾಸ್ತಾನು ರಿಜಿಸ್ಟರಿನಲ್ಲಿದೆ. ಒಂದು ಕಡಿಮೆಯಾದರೆ ಜವಾಬು ಕೊಡಬೇಕಾದವರು ಅವರೇ. ಹರಿದ ಪುಸ್ತಕಕ್ಕೆ ಪ್ರಶ್ನೆ ಏಳುತ್ತದೆ. ಯಾರೂ ಮುಟ್ಟದ ಪುಸ್ತಕಕ್ಕೆ ಪ್ರಶ್ನೆಯೇ ಇಲ್ಲ. ಹೀಗಿರುವಾಗ ಬೀಗ ಹಾಕದೆ ಇನ್ನೇನು ಮಾಡಿಯಾರು? ಎಸ್‌ಡಿಎಂಸಿಯವರು 'ಓದಿ ಹರಿದದ್ದಕ್ಕೆ ಯಾರನ್ನೂ ಕೇಳುವುದಿಲ್ಲ' ಅಂತ ಒಂದು ಠರಾವು ಮಾಡಿ ಮೇಷ್ಟ್ರ ಬೆನ್ನಿಗೆ ನಿಲ್ಲಲಿ. ಇಲಾಖೆಯೂ ಅದಕ್ಕೆ ಹೂಂ ಅನ್ನಲಿ.

ವಾರ ಹೀಗಿರಲಿ

ಸೋಮವಾರ ಭಾಷಣ ಬೇಡ. ಜಮಖಾನ ಹಾಸಿ ಪುಸ್ತಕ ಸುರಿಯಿರಿ, ಬೇಕಾದ್ದನ್ನು ಮಕ್ಕಳೇ ಆರಿಸಿಕೊಳ್ಳಲಿ.

ಮಂಗಳವಾರ ಟೀಚರ್ ಗಟ್ಟಿಯಾಗಿ ಓದಿ ಹೇಳಲಿ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಇದ್ದೇ ಇದೆ. ಹೆಗ್ಗನಹಳ್ಳಿ ಮಕ್ಕಳಿಗೆ ಇಲಿ-ಹೆಗ್ಗಣದ ಕಥೆ ಅಂದರೆ ನಗು ತಡೆಯೋದು ಕಷ್ಟ!

ಬುಧವಾರ ಮನೆ ಮಾತಿಗೆ ಮೀಸಲು. ತೆಲುಗು, ತಮಿಳು, ಉರ್ದು, ಹಿಂದಿ ಆಡುವ ಮಕ್ಕಳೂ ಇದ್ದಾರೆ, ಉತ್ತರ ಕರ್ನಾಟಕದ ಮಕ್ಕಳೂ ಇದ್ದಾರೆ. ಒಬ್ಬರು ಅಜ್ಜಿಯನ್ನು ಕರೆಸಿ ಕಥೆ ಹೇಳಿಸಿ, ಅದನ್ನೇ ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆದು ಓದಿಸಿ. ನಮ್ಮ ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ 'ಸ್ಟೋರಿವೀವರ್'ನಲ್ಲಿ ಈ ಭಾಷೆಗಳ ಕಥೆಗಳು ಪುಕ್ಕಟೆ ಸಿಗುತ್ತವೆ. ಫೋನೊಂದಿದ್ದರೆ ಸಾಕು.

ಗುರುವಾರ ಬೀದಿಯೇ ಪುಸ್ತಕ. ಬಸ್ಸಿನ ಬೋರ್ಡು, ಅಂಗಡಿ ಬೋರ್ಡು, ಹೋಟೆಲಿನ ದರಪಟ್ಟಿ ಎಲ್ಲವನ್ನೂ ಓದಲಿ.

ಶುಕ್ರವಾರ ಐದನೇ ಕ್ಲಾಸಿನವರು ಎರಡನೇ ಕ್ಲಾಸಿನವರನ್ನು ಪಕ್ಕ ಕೂರಿಸಿಕೊಂಡು ಓದಲಿ. ತಡವರಿಸಿದರೆ ಗದರುವವರಿರಬಾರದು, ತಡವರಿಸುವ ಮಗುವಿಗೇ ಈ ವಾರ ಬೇಕಾಗಿರುವುದು.

ಶನಿವಾರ ಒಂದೊಂದು ಪುಸ್ತಕ ಮನೆಗೆ. ಭಾನುವಾರ ಅಮ್ಮನಿಗೆ ರಜಾ ಇದ್ದರೆ, ಮಗು ಓದಲಿ, ಅಮ್ಮ ಕೇಳಲಿ. ಅಮ್ಮನಿಗೆ ಓದು ಬಾರದಿದ್ದರೆ ಇನ್ನೂ ಒಳ್ಳೆಯದು, ಆ ಮನೆಗೆ ಮಗುವೇ ಮೇಷ್ಟ್ರು.

ಇಷ್ಟಕ್ಕೆ ಖರ್ಚೆಷ್ಟು? ಹಾರ, ಬ್ಯಾನರಿನ ದುಡ್ಡಿನಲ್ಲಿ ಇನ್ನೊಂದಿಷ್ಟು ಪುಸ್ತಕ ಬಂದಾವು.

ಎಂಟನೇ ದಿನದ ಪರೀಕ್ಷೆ

ಆರಂಭಶೂರತ್ವ ನಮಗೆ ಹೊಸದಲ್ಲ. ಫೋಟೋ ತೆಗೆಸಿ, ವರದಿ ಕಳಿಸಿ, ಮತ್ತೆ ಬೀಗ ಜಡಿದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಎಸ್‌ಡಿಎಂಸಿಯವರೂ ಅಪ್ಪ ಅಮ್ಮಂದಿರೂ ಸಪ್ತಾಹದ ಸಮಾರಂಭಕ್ಕೆ ಹೋಗದಿದ್ದರೂ ಚಿಂತೆಯಿಲ್ಲ. ಮುಗಿದ ಮೇಲಿನ ಸೋಮವಾರ ಹೋಗಿ ನೋಡಲಿ: ಶನಿವಾರ ಮನೆಗೆ ಹೋದ ಪುಸ್ತಕ ವಾಪಸ್ ಬಂತೇ? ಬಂದದ್ದಕ್ಕೆ ಬದಲು ಇನ್ನೊಂದು ಸಿಕ್ಕಿತೇ?

ಸಿಕ್ಕಿದರೆ ಹಬ್ಬ. ಸಿಗದಿದ್ದರೆ... ಬಿಸ್ಕತ್ ತಿಂದದ್ದಷ್ಟೇ ಲಾಭ!