ಪರೀಕ್ಷಾ ಕೋಣೆಗೆ ಕ್ಯಾಮೆರಾ ಬಂತು, ಪಾಠದ ಕೋಣೆಗೆ ಬಂದದ್ದೇನು?

ಚಿಕ್ಕೋಡಿ: ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ನಮ್ಮ ಕಡೆ ಬಸ್ ಸ್ಟ್ಯಾಂಡ್ ಚಹಾದಂಗಡಿಯಿಂದ ಕಿರಾಣಿ ಅಂಗಡಿ ತನಕ ಒಂದೇ ಪ್ರಶ್ನೆ. ನಮ್ಮ ಜಿಲ್ಲೆ ಎಷ್ಟನೇ ನಂಬರ್? 2018ರಲ್ಲಿ ಈ ಪ್ರಶ್ನೆಗೆ ಎದೆ ಉಬ್ಬಿಸಿ ಉತ್ತರ ಕೊಡುವಂತಿತ್ತು. ಉಡುಪಿ, ಉತ್ತರ ಕನ್ನಡ ಬಿಟ್ಟರೆ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯೇ ಮೂರನೇ ಸ್ಥಾನದಲ್ಲಿತ್ತು. ಫಲಿತಾಂಶ ಶೇ. 87.01.

2024ರಲ್ಲಿ ಲೆಕ್ಕಾಚಾರ ಬದಲಾಯಿತು. ಪರೀಕ್ಷಾ ಕೇಂದ್ರಗಳಿಗೆ ಸಿಸಿಟಿವಿ ಕ್ಯಾಮೆರಾ ಬಂದವು, ವೆಬ್‌ಕಾಸ್ಟಿಂಗ್ ಶುರುವಾಯಿತು. ರಾಜ್ಯದ ಒಟ್ಟು ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಮಾರ್ಕ್ಸ್ ಹೆಚ್ಚಿಸಿದ ಮೇಲೆ ಬಂದ ಅಂಕಿ. ಆ ವರ್ಷ ಮೊದಲ ಹತ್ತು ಜಿಲ್ಲೆಗಳ ಪಟ್ಟಿಯಲ್ಲಿ ಚಿಕ್ಕೋಡಿ ಹೆಸರಿರಲಿಲ್ಲ.

ಇದನ್ನು ನೋಡಿ 'ಹಂಗಾರ ಮೊದಲು ಎಲ್ಲಾ ಕಾಪಿನೇ ಇತ್ತು' ಅಂತ ತೀರ್ಪು ಕೊಡುವುದು ಸುಲಭ. ಅದು ಪೂರ್ತಿ ಸರಿಯಲ್ಲ. ಕ್ಯಾಮೆರಾ ನಕಲನ್ನು ತಡೆಯಬಲ್ಲದು, ಆದರೆ ಪಾಠ ಹೇಳಲಾರದು. ಪರೀಕ್ಷೆಯ ಮೂರು ತಾಸನ್ನು ಕಾಯಲು ತಂತ್ರಜ್ಞಾನ ತಂದಷ್ಟು ಬೇಗ, ವರ್ಷಪೂರ್ತಿ ನಡೆಯುವ ಪಾಠಕ್ಕೆ ನಾವು ಏನು ತಂದಿದ್ದೇವೆ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಪಾಲಕರು ಕೇಳಬೇಕಾದ ಪ್ರಶ್ನೆ ಇದು. ಉತ್ತರದ ಒಂದು ತುಂಡು ಬಿ.ಎಡ್ ಪ್ರಶಿಕ್ಷಣಾರ್ಥಿಗಳ ಕೈಯಲ್ಲಿದೆ.

16 ವಾರದ ಮೇಷ್ಟ್ರು

ಬಿ.ಎಡ್ ಕೋರ್ಸ್ 2015ರಿಂದ ಎರಡು ವರ್ಷದ್ದಾಗಿದೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮದ ಪ್ರಕಾರ ಪ್ರಶಿಕ್ಷಣಾರ್ಥಿ ಒಟ್ಟು 20 ವಾರ ಶಾಲೆಯ ಒಡನಾಟದಲ್ಲಿರಬೇಕು. ಅದರಲ್ಲಿ 16 ವಾರ ಎರಡನೇ ವರ್ಷದ ಇಂಟರ್ನ್‌ಶಿಪ್. ಅಂದರೆ ಹತ್ತಿರ ಹತ್ತಿರ ನಾಲ್ಕು ತಿಂಗಳು ಅವರು ನಮ್ಮ ಮಕ್ಕಳಿಗೆ ಪಾಠ ಹೇಳ್ತಾರೆ. ಕೋರ್ಸ್‌ನಲ್ಲಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಬಗ್ಗೆ ಒಂದು ಪ್ರತ್ಯೇಕ ಪತ್ರಿಕೆಯೂ ಇದೆ. ಬರೀ ಕಂಪ್ಯೂಟರ್ ಒತ್ತುವುದಲ್ಲ, ಅದನ್ನು ಪಾಠಕ್ಕೆ ಹೇಗೆ, ಯಾವಾಗ ಬಳಸಬೇಕು ಅಂತ ವಿಮರ್ಶೆ ಮಾಡಿ ಕಲಿಯಬೇಕು ಅನ್ನುವುದು ಅದರ ಉದ್ದೇಶ.

ಕಾಗದದ ಮೇಲೆ ಇದೆಲ್ಲಾ ಚಂದ. ಶಾಲೆಗೆ ಹೋದಾಗ ಬೇರೆ ಚಿತ್ರ. ಕೆಲವು ಕಡೆ ಪ್ರೊಜೆಕ್ಟರ್ ಇರ್ತದೆ, ಬೀರು ಕೀಲಿ ಹೆಡ್ ಮಾಸ್ತರ ಹತ್ತಿರ ಇರ್ತದೆ. ಕಂಪ್ಯೂಟರ್ ಇದ್ದರೆ ಯುಪಿಎಸ್ ಸತ್ತಿರ್ತದೆ. ಎಲ್ಲಾ ಸರಿ ಇದ್ದ ದಿನ ಕರೆಂಟ್ ಇರೋದಿಲ್ಲ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಕೊಡುವುದಾಗಿ ಮುಖ್ಯಮಂತ್ರಿಗಳು 2023ರ ನವೆಂಬರ್ 1ರಂದು ಘೋಷಿಸಿದ್ದು ಒಳ್ಳೆಯದೇ ಆಯಿತು, ಬಿಲ್ಲಿನ ಹೆದರಿಕೆ ಕಡಿಮೆ ಆಗುವ ದಾರಿ ತೆರೆಯಿತು. ಆದರೆ ಹಾಳಾದ ವೈರು, ಕೇಬಲ್ಲು ರಿಪೇರಿ ಮಾಡಿಸುವವರು ಯಾರು ಅನ್ನುವ ಪ್ರಶ್ನೆ ಉಳಿದೇ ಇದೆ.

ಹಿಂಗಾಗಿ ಪ್ರಶಿಕ್ಷಣಾರ್ಥಿ ನಂಬುವುದು ತನ್ನ ಕಿಸೆಯ ಮೊಬೈಲನ್ನೇ. ಡೇಟಾನೂ ತನ್ನದೇ. ಜುಲೈ 2024ರಲ್ಲಿ ದರ ಏರಿದಾಗ ಜಿಯೋದ ದಿನಕ್ಕೆ ಒಂದೂವರೆ ಜಿಬಿಯ 28 ದಿನದ ಪ್ಯಾಕ್ 239 ರೂಪಾಯಿಯಿಂದ 299ಕ್ಕೆ ಹೋಯಿತು. ರೀಚಾರ್ಜ್ ಅಂಗಡಿಯವರಿಗೆ ಈ ಲೆಕ್ಕ ಬಾಯಿಪಾಠ. ಇಂಟರ್ನ್‌ಶಿಪ್‌ನಲ್ಲಿ ಸಂಬಳ ಇಲ್ಲ. ಬಸ್ ಚಾರ್ಜ್, ಚಾರ್ಟ್ ಶೀಟು, ಥರ್ಮಾಕೋಲು, ಅದರ ಮೇಲೆ ಡೇಟಾ, ಎಲ್ಲಾ ಮನೆಯ ದುಡ್ಡು.

ವಿಡಿಯೋ ಹಚ್ಚಿದರೆ ಗಪ್‌ಚುಪ್, ಆಮೇಲೆ?

ಪಾಠಕ್ಕೆ ಮೊಬೈಲ್ ಬಳಸಿದ ಪ್ರಶಿಕ್ಷಣಾರ್ಥಿಗಳನ್ನು ಮಾತಾಡಿಸಿದರೆ ಒಂದು ಅನುಭವ ಮೇಲಿಂದ ಮೇಲೆ ಬರ್ತದೆ. ವಿಡಿಯೋ ಹಚ್ಚಿದ ಕೂಡಲೇ ಮಕ್ಕಳು ಗಪ್ಪಾಗ್ತಾರೆ. ಅದನ್ನು ನೋಡಿ ಪಾಠ ಚಲೋ ಆಯ್ತು ಅನ್ನಿಸ್ತದೆ. ಮುಗಿದ ಮೇಲೆ ಪ್ರಶ್ನೆ ಕೇಳಿದರೆ ಉತ್ತರ ಇಲ್ಲ. ಮಕ್ಕಳು ನೋಡಿದ್ದಾರೆ, ಕಲಿತಿಲ್ಲ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ 'ಈಗ ಏನಾಯ್ತು, ಮುಂದೇನಾಗ್ತದ' ಅಂತ ಕೇಳಿದ ಪಾಠವೇ ತಲೆಯಲ್ಲಿ ಉಳಿಯುವುದು. ಕೊರೊನಾ ಕಾಲದಲ್ಲಿ ಇದನ್ನು ಎಲ್ಲರೂ ಕಂಡಿದ್ದೇವೆ. 2020ರಲ್ಲಿ ಚಂದನ ವಾಹಿನಿಯಲ್ಲಿ ಸಂವೇದ ಪಾಠ ಬಂತು. ಟಿವಿ ಪ್ರಶ್ನೆ ಕೇಳಿದರೂ ಮಗು ಕೊಟ್ಟ ಉತ್ತರ ಟಿವಿಗೆ ಕೇಳಿಸುವುದಿಲ್ಲ. ಅದೇ ವರ್ಷ ಗುಡಿ ಕಟ್ಟೆ, ಗಿಡದ ನೆರಳಿಗೆ ಶಿಕ್ಷಕರೇ ಹೋದ ವಿದ್ಯಾಗಮ ಶುರುವಾಯಿತು, ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ನಿಂತಿತು. ಮಕ್ಕಳ ಮುಂದೆ ಮಾಸ್ತರು ಬೇಕೇಬೇಕು ಅಂತ ಹಳ್ಳಿಯ ಪಾಲಕರಿಗೆ ಮನದಟ್ಟಾದದ್ದು ಆಗಲೇ.

ಹಾಗಾದರೆ ಮೊಬೈಲ್ ಬೇಡವಾ? ಬೇಕು, ಆದರೆ ನಮ್ಮ ಊರಿನ ಕೆಲಸಕ್ಕೆ ಬೇಕು. ಒಂದು ಉದಾಹರಣೆ ನೋಡ್ರಿ. ಮಳೆಗಾಲ ಬಂತಂದರೆ ನಮ್ಮ ನದಿ ದಂಡೆಯ ಊರುಗಳಲ್ಲಿ ಎಲ್ಲರ ಮೊಬೈಲ್‌ನಲ್ಲೂ ರಾಜಾಪುರ ಬ್ಯಾರೇಜಿನ ಕ್ಯೂಸೆಕ್ ಮೆಸೇಜು ಓಡಾಡ್ತದೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಒಂದು ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್ ದಾಟ್ತದೆ. ಈ ಮೆಸೇಜನ್ನೇ ಹಲಗೆ ಮೇಲೆ ಬರೆದು ಏಳನೇ ಕ್ಲಾಸಿನಲ್ಲಿ ಗುಣಾಕಾರ ಮಾಡಿಸಬಹುದು. ವೇದಗಂಗಾ ದೂಧಗಂಗಾಕ್ಕೆ, ದೂಧಗಂಗಾ ಕೃಷ್ಣೆಗೆ ಸೇರುವುದನ್ನು ಮೊಬೈಲ್ ಮ್ಯಾಪಿನಲ್ಲಿ ತೋರಿಸಿ ಭೂಗೋಳ ಹೇಳಬಹುದು. 2019ರ ಮಹಾಪೂರದಲ್ಲಿ ನೀರು ಮನೆಯ ಎಲ್ಲಿ ತನಕ ಬಂದಿತ್ತು ಅಂತ ಅಜ್ಜಿಯನ್ನು ಕೇಳಿ ಬರೆದುಕೊಂಡು ಬರಲು ಹೇಳಿದರೆ ಅದೇ ಇತಿಹಾಸ, ಅದೇ ಕನ್ನಡ ಪ್ರಬಂಧ.

ಓದುವವರು ಇದ್ದರೆ ಬರೆಯುವ ಹುರುಪು

ಇಲ್ಲಿಗೆ ಬ್ಲಾಗ್ ವಿಷಯ ಬರ್ತದೆ. ಬ್ಲಾಗ್ ಅಂದರೆ ದೊಡ್ಡ ಸಾಹಿತಿಗಳದ್ದು ಅಂತ ತಿಳಿಯಬೇಡ್ರಿ. ಒಂದು ತರಗತಿ ತನ್ನ ಬರಹಗಳನ್ನು ಹಾಕುವ ಗೋಡೆ ಪತ್ರಿಕೆ ಅದು, ಗೋಡೆ ಮಾತ್ರ ಇಂಟರ್ನೆಟ್‌ನಲ್ಲಿದೆ. ಗೂಗಲ್‌ನ ಬ್ಲಾಗರ್‌ಗೆ ದುಡ್ಡು ಕೊಡಬೇಕಿಲ್ಲ. ಮಗು ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಮಾಸ್ತರೊಬ್ಬರೇ ಓದ್ತಾರೆ, ಕೆಂಪು ಪೆನ್ನಿನಲ್ಲಿ ಗೀಟು ಹಾಕ್ತಾರೆ, ಮುಗೀತು. ಅದೇ ಬರಹವನ್ನು ಊರಿನ ಅಂಗಡಿಯವರು, ಪುಣೆಗೆ ದುಡಿಯಲು ಹೋದ ಕಾಕಾ, ಪಕ್ಕದೂರಿನ ಶಾಲೆಯವರು ಓದ್ತಾರೆ ಅಂತ ಗೊತ್ತಾದರೆ ಮಗು ಎರಡು ಸಲ ತಿದ್ದಿ ಬರೀತದೆ.

ನಮ್ಮ ಗಡಿ ಭಾಗಕ್ಕೆ ಇದರ ಲಾಭ ಇನ್ನೂ ಹೆಚ್ಚು. ನಿಪ್ಪಾಣಿ, ಕಾಗವಾಡ ಕಡೆ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಅನ್ನುವ ಮಕ್ಕಳು ಬಹಳ. ಮಾತು ಬರ್ತದೆ, ಬರೆಯಲು ಕೂತರೆ ಕೈ ನಿಲ್ತದೆ. ಮೊಬೈಲ್ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರ ಮೂಡ್ತವೆ. ಅರ್ಧ ತಪ್ಪೂ ಮೂಡ್ತವೆ. ಆ ತಪ್ಪನ್ನು ಹುಡುಕಿ ತಿದ್ದುವ ಆಟವೇ ಒಂದು ಚಲೋ ಪಾಠ.

ಎರಡು ಎಚ್ಚರಿಕೆ ಬೇಕು. ಒಂದು, ಮಕ್ಕಳ ಫೋಟೊ, ಪೂರ್ತಿ ಹೆಸರು, ಮನೆ ವಿಳಾಸ ಹಾಕಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು ಅಂತದೆ. ಎರಡು, ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಇಂಟರ್ನೆಟ್‌ಗೆ ಹಾಕಿದರೆ ಅಕ್ಷರ ಚೆಲ್ಲಾಪಿಲ್ಲಿ ಆಗ್ತವೆ. ಯುನಿಕೋಡ್‌ನಲ್ಲೇ ಟೈಪ್ ಮಾಡಬೇಕು. ಡಿಟಿಪಿ ಅಂಗಡಿಯವರಿಗೆ ಇದು ಗೊತ್ತು, ಬಹಳ ಶಾಲೆಗಳಿಗೆ ಇನ್ನೂ ಗೊತ್ತಿಲ್ಲ.

ಇದೇನು ಹೊಸದಲ್ಲ

ಕರ್ನಾಟಕದ ಸರ್ಕಾರಿ ಹೈಸ್ಕೂಲ್ ಶಿಕ್ಷಕರು ಈ ದಾರಿಯನ್ನು ಹಿಂದೆಯೇ ತುಳಿದಿದ್ದಾರೆ. 2011ರ ಸುಮಾರಿಗೆ ಶುರುವಾದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಒಬ್ಬರಿಗೊಬ್ಬರು ಪ್ರಶ್ನೆ ಕೇಳಿ, ಪಾಠದ ಸಾಮಗ್ರಿ ಹಂಚಿಕೊಳ್ಳುತ್ತಿದ್ದರು. ಅದರ ಬೆನ್ನಿಗೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಬಂತು. ವಿಕಿಪೀಡಿಯ ಹಾಗೆ ಶಿಕ್ಷಕರೇ ಕೂಡಿ ಬರೆಯುವ ಜಾಗ ಅದು. 'ಕನ್ನಡ ದೀವಿಗೆ'ಯಂಥ ಬ್ಲಾಗುಗಳಲ್ಲಿ ಹೈಸ್ಕೂಲ್ ಕನ್ನಡ ಪಾಠಗಳ ಸಾಮಗ್ರಿ ಸಿಗ್ತದೆ. 2017ರ ಶಿಕ್ಷಕರ ದಿನದಂದು ಕೇಂದ್ರದ ದೀಕ್ಷಾ ಶುರುವಾಯಿತು, ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಬಂತು. ನಮ್ಮ ಅಂಗಡಿಗಳಲ್ಲಿ ಫೋನ್ ಪೇ ಸ್ಕ್ಯಾನ್ ಮಾಡುವ ಕೈಗಳು ಪುಸ್ತಕದ ಮೇಲಿನ ಅದೇ ಚೌಕವನ್ನು ಎಷ್ಟು ಸಲ ಸ್ಕ್ಯಾನ್ ಮಾಡಿವೆ, ಮನೆಯಲ್ಲಿ ಒಮ್ಮೆ ಕೇಳಿ ನೋಡ್ರಿ.

ಗಡಿಯಾಚೆ ಸೋಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆ ಶಿಕ್ಷಕ ರಣಜಿತ್‌ಸಿಂಹ ಡಿಸಲೆ ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಜೋಡಿಸಿ ಹೆಸರಾದವರು. 2020ರಲ್ಲಿ ಅವರಿಗೆ ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಅರ್ಧ ದುಡ್ಡನ್ನು ಅಂತಿಮ ಸುತ್ತಿಗೆ ಬಂದ ಉಳಿದ ಒಂಬತ್ತು ಮಂದಿಗೆ ಹಂಚಿದರು. ಅವರ ಶಾಲೆ ದೊಡ್ಡ ಪಟ್ಟಣದ್ದಲ್ಲ, ನಮ್ಮಂಥದೇ ಹಳ್ಳಿಯದು.

ಇನ್ನೊಂದು ಬದಿಯನ್ನೂ ನೋಡಬೇಕು. ಸ್ವೀಡನ್‌ನಂಥ ಮುಂದುವರಿದ ದೇಶ 2023ರಲ್ಲಿ ಮತ್ತೆ ಅಚ್ಚಿನ ಪುಸ್ತಕದ ಕಡೆ ತಿರುಗಿತು. ತಂತ್ರಜ್ಞಾನ ಯಾರ ಷರತ್ತಿನ ಮೇಲೆ ಶಾಲೆಗೆ ಬರಬೇಕು ಅಂತ ಯುನೆಸ್ಕೋದ ಅದೇ ವರ್ಷದ ವರದಿ ಕೇಳಿತು. ನಮ್ಮ ದೇಶದ ಗ್ರಾಮೀಣ ಭಾಗದ 14ರಿಂದ 16 ವರ್ಷದವರ ಬಗ್ಗೆ ಅಸರ್ 2024 ವರದಿ ಹೇಳುವುದು ಹೀಗೆ: ಸ್ಮಾರ್ಟ್‌ಫೋನ್ ಬಳಸಲು ಬರುವವರು ಶೇ. 82ರಷ್ಟು. ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ. 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಸುಮಾರು ಶೇ. 76. ಫೋನ್ ಕೊಟ್ಟ ಮಾತ್ರಕ್ಕೆ ಓದು ಬರೋದಿಲ್ಲ ಅನ್ನಲು ಬೇರೆ ಪುರಾವೆ ಬೇಡ.

ಝೆರಾಕ್ಸ್ ಅಂಗಡಿ ಮತ್ತು ಚಾಟ್‌ಜಿಪಿಟಿ

ನಿಜವಾದ ಅಪಾಯ ಇರುವುದು ಬೇರೆ ಕಡೆ. ಪ್ರಶಿಕ್ಷಣಾರ್ಥಿ ಇಂಟರ್ನ್‌ಶಿಪ್‌ನಲ್ಲಿ ಪಾಠ ಯೋಜನೆ ಬರೆಯಬೇಕು, ಜೊತೆಗೆ ಪ್ರತಿಫಲನ ದಿನಚರಿ ಬರೆಯಬೇಕು. ಇವತ್ತಿನ ಪಾಠದಲ್ಲಿ ಏನು ಗೆದ್ದಿತು, ಏನು ಸೋತಿತು, ಹಿಂದಿನ ಬೆಂಚಿನ ಹುಡುಗಿಗೆ ಯಾಕೆ ತಿಳಿಯಲಿಲ್ಲ ಅಂತ. ಮಾಸ್ತರಿಕೆ ಕಲಿಯುವುದೇ ಈ ಬರವಣಿಗೆಯಲ್ಲಿ.

ಆದರೆ ಹಿಂದಿನ ಬ್ಯಾಚಿನ ಯೋಜನೆ ಝೆರಾಕ್ಸ್ ಆಗಿ ಮುಂದಿನ ಬ್ಯಾಚಿಗೆ ಹೋಗುವುದು ಅಂಗಡಿಯವರು ಕಂಡ ಮಾತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಝೆರಾಕ್ಸಿನ ಗರಜೂ ಇಲ್ಲ. 'ದ್ಯುತಿಸಂಶ್ಲೇಷಣೆ, ಏಳನೇ ತರಗತಿ, 40 ನಿಮಿಷ' ಅಂತ ಬರೆದರೆ ಯೋಜನೆ ತಯಾರು. 'ಇವತ್ತಿನ ನನ್ನ ಅನುಭವ' ಅಂದರೆ ಅನುಭವವೂ ತಯಾರು. ಆ ಹುಡುಗಿ ಯಾರು, ಅವಳು ಕಬ್ಬು ಕಟಾವಿನ ಗ್ಯಾಂಗಿನ ಜೊತೆ ಬಂದವಳಾ, ಮನೆಮಾತು ಯಾವುದು, ಇದು ಯಾವ ಮಷಿನ್ನಿಗೂ ಗೊತ್ತಿಲ್ಲ. ಯೋಜನೆಯ ಕಚ್ಚಾ ಪ್ರತಿಗೆ ಮಷಿನ್ ನೆರವು ತಗೊಂಡರೆ ತಪ್ಪಲ್ಲ. ದಿನಚರಿಯನ್ನೇ ಮಷಿನ್ ಬರೆದರೆ ಆ 16 ವಾರ ದಂಡ. ಹಾಗೆ ಪಾಸಾದವರು ನಾಳೆ ನಮ್ಮ ಮಕ್ಕಳ ಮುಂದೆ ನಿಲ್ಲುತ್ತಾರೆ. ಅವರ ಬಳಿ ಕಲಿತವರನ್ನು ಮುಂದೆ ಕ್ಯಾಮೆರಾ ಹಿಡಿಯುತ್ತದೆ.

ನಿಜವಾಗಿ ಬರೆದ ದಿನಚರಿಗಳ ಗತಿಯೂ ಅಷ್ಟೇ. ಮಾರ್ಕ್ಸ್ ಹಾಕಿದ ಮೇಲೆ ಗಂಟು ಕಟ್ಟಿ ಇಡ್ತಾರೆ, ಕೊನೆಗೆ ರದ್ದಿ. ರಾಯಬಾಗದ ಒಂದು ಶಾಲೆಯಲ್ಲಿ ಭಿನ್ನರಾಶಿ ಹೇಗೆ ತಿಳಿಯಿತು ಅನ್ನುವ ಅನುಭವ ಅಥಣಿಯ ಹೊಸ ಪ್ರಶಿಕ್ಷಣಾರ್ಥಿಗೆ ಸಿಗುವುದೇ ಇಲ್ಲ. ಪ್ರತಿ ವರ್ಷ ಎಲ್ಲರೂ ಮೊದಲಿನಿಂದ ಶುರು ಮಾಡ್ತಾರೆ.

ಈಗ ಮಾಡಬಹುದಾದದ್ದು

ಇದಕ್ಕೆ ಹೊಸ ಯೋಜನೆ, ದೊಡ್ಡ ಅನುದಾನ ಬೇಕಿಲ್ಲ. ಚಿಕ್ಕೋಡಿಯಲ್ಲೇ ಡಯಟ್ ಇದೆ. ಬಿ.ಎಡ್ ಕಾಲೇಜುಗಳ ಜೊತೆ ಕೂತು ಪ್ರತಿ ಪ್ರಶಿಕ್ಷಣಾರ್ಥಿಯ ಅತ್ಯುತ್ತಮ ಎರಡು ಪಾಠ, ಎರಡು ದಿನಚರಿ ಪುಟ ಆರಿಸಿ, ಮಕ್ಕಳ ಹೆಸರು ತೆಗೆದು, ಎಲ್ಲರೂ ಓದುವಂತೆ ಒಂದು ಕಡೆ ಹಾಕಿಸಬಹುದು. ನಾಲ್ಕೈದು ವರ್ಷದಲ್ಲಿ ಅದು ಈ ಭಾಗದ ಶಿಕ್ಷಕರ ಖಜಾನೆ ಆಗ್ತದೆ.

ಎಸ್‌ಡಿಎಂಸಿ ಸದಸ್ಯರು ಮುಂದಿನ ಸಭೆಯಲ್ಲಿ ಮೂರೇ ಪ್ರಶ್ನೆ ಕೇಳಲಿ. ಶಾಲೆಯಲ್ಲಿ ಚಾಲೂ ಇರುವ ಯಂತ್ರ ಎಷ್ಟು? ಕೆಟ್ಟಿದ್ದು ಎಷ್ಟು? ಕೀಲಿ ಯಾರ ಹತ್ತಿರ ಇದೆ? ಉತ್ತರವನ್ನು ನಡಾವಳಿಯಲ್ಲಿ ಬರೆಸಲಿ.

ಅಂಗಡಿಯವರೂ ಕೈ ಜೋಡಿಸಬಹುದು. ಮೊಬೈಲ್ ರಿಪೇರಿ ಮಾಡುವವರು, ಎಲೆಕ್ಟ್ರಿಷಿಯನ್‌ಗಳು ವರ್ಷಕ್ಕೆ ಒಂದು ರವಿವಾರ ತಮ್ಮೂರ ಶಾಲೆಯ ಕೇಬಲ್, ಪ್ಲಗ್ ನೋಡಿಕೊಟ್ಟರೆ ಎಷ್ಟೋ ಪ್ರೊಜೆಕ್ಟರು ಬೀರುವಿನಿಂದ ಹೊರಗೆ ಬರ್ತವೆ. ಮಗು ಬಂದು 'ಅಣ್ಣಾ, ಪ್ರಾಜೆಕ್ಟ್ ಪ್ರಿಂಟ್ ತೆಗೆದು ಕೊಡು' ಅಂದಾಗ ಗೂಗಲ್‌ನಿಂದ ಹತ್ತು ಪುಟ ತೆಗೆದು ಕೊಟ್ಟರೆ ಗಲ್ಲಾಕ್ಕೆ ದುಡ್ಡು ಬೀಳ್ತದೆ, ಖರೆ. 'ನೀನು ಎರಡು ಪುಟ ಬರೆದು ತಾ, ಅದನ್ನ ಚಂದಂಗೆ ಟೈಪ್ ಮಾಡಿ ಕೊಡ್ತೀನಿ' ಅಂದರೂ ದುಡ್ಡು ಬೀಳ್ತದೆ. ಆಗ ಮಗುವೂ ಎರಡು ಪುಟ ಬರೆದಿರ್ತದೆ.

ಮುಂದಿನ ಇಂಟರ್ನ್‌ಶಿಪ್ ಬ್ಯಾಚು ಬಂದಾಗ ನಿಮ್ಮೂರ ಶಾಲೆಗೂ ಹೊಸ ಮುಖಗಳು ಬರ್ತವೆ. ಅವರು ಎಷ್ಟು ಚಾರ್ಟ್ ತಂದರು ಅಂತ ಎಣಿಸುವ ಬದಲು, ಇವತ್ತು ಮಕ್ಕಳ ಕಡೆಯಿಂದ ಏನು ಬರೆಸಿದಿರಿ ಅಂತ ಒಮ್ಮೆ ಕೇಳ್ರಿ.