ಪರದೆಯ ಮುಂದಿನ ಮೂರು ಗಂಟೆ

ಮಗ ಕಂಪ್ಯೂಟರ್ ಮುಂದೆ ಮೂರು ಗಂಟೆ ಕುಳಿತರೆ ತಂದೆತಾಯಿಗೆ ಸಮಾಧಾನ. ಅಂಕಪಟ್ಟಿ ಬಂದ ದಿನ ಜಗಳ. ಹುಡುಗ ಕುಳಿತದ್ದು ಸುಳ್ಳಲ್ಲ. ಓದಿದ್ದೆಷ್ಟು ಎಂಬುದನ್ನು ಮಾತ್ರ ಯಾರೂ ಅಳೆದಿರುವುದಿಲ್ಲ. ಗೋಡೆ ಗಡಿಯಾರ ಹೊತ್ತನ್ನು ಅಳೆಯುತ್ತದೆ. ಗಮನವನ್ನು ಅಳೆಯುವುದು ಹೇಗೆ?

ಎರಡನೇ ಮಹಾಯುದ್ಧದಲ್ಲಿ ಇದು ಸಾವು ಬದುಕಿನ ಪ್ರಶ್ನೆಯಾಗಿತ್ತು. ಬ್ರಿಟನ್ನಿನ ವಿಮಾನಗಳಲ್ಲಿ ರೇಡಾರ್ ಪರದೆ ನೋಡುತ್ತ ಶತ್ರುಗಳ ಜಲಾಂತರ್ಗಾಮಿ ಹುಡುಕುತ್ತಿದ್ದವರಿಗೆ, ಸ್ವಲ್ಪ ಹೊತ್ತು ಕಳೆದ ಮೇಲೆ, ಎದುರಿಗೇ ಮೂಡಿದ ಚುಕ್ಕೆಯೂ ಕಾಣದೆ ಹೋಗುತ್ತಿತ್ತು. ಕೇಂಬ್ರಿಜ್‌ನ ನಾರ್ಮನ್ ಮ್ಯಾಕ್‌ವರ್ತ್ ಇದಕ್ಕೆಂದೇ ಒಂದು ವಿಚಿತ್ರ ಗಡಿಯಾರ ಮಾಡಿಸಿದರು. ಅದರಲ್ಲಿ ಅಂಕಿಗಳಿಲ್ಲ. ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಜಿಗಿಯುತ್ತದೆ. ಅಪರೂಪಕ್ಕೊಮ್ಮೆ ಎರಡು ಹೆಜ್ಜೆ. ಎರಡು ಹೆಜ್ಜೆ ಜಿಗಿದಾಗ ನೋಡುವವರು ಗುಂಡಿ ಒತ್ತಬೇಕು. ಹೀಗೆ ಎರಡು ಗಂಟೆ! ಮೊದಲ ಅರ್ಧ ಗಂಟೆ ಕಳೆಯುತ್ತಿದ್ದಂತೆ ಕಣ್ತಪ್ಪಿದ ಜಿಗಿತಗಳು ಹೆಚ್ಚಿದವೆಂದು 1948ರಲ್ಲಿ ಅವರು ಪ್ರಕಟಿಸಿದರು. ಅರ್ಧ ಗಂಟೆಗೊಮ್ಮೆ ಬಿಡುವು ಕೊಟ್ಟಾಗ ಗಮನ ಹಾಗೆ ಕುಸಿಯಲಿಲ್ಲ.

ರೇಡಾರಿನಲ್ಲಿ ನೋಡುವುದು ಒಂದನ್ನೇ. ಕಂಪ್ಯೂಟರಿನಲ್ಲಿ ಹಾಗಲ್ಲ, ಪಾಠವಿರುವ ಪರದೆಯಲ್ಲೇ ಕ್ರಿಕೆಟ್ ಕೂಡ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಅವರ ತಂಡ ಸ್ಟಾಪ್‌ವಾಚ್ ಹಿಡಿದು ಕಚೇರಿ ನೌಕರರನ್ನು ಗಮನಿಸಿತು. 2004ರಲ್ಲಿ ನೌಕರರು ಒಂದು ಪರದೆಯ ಮೇಲೆ ನಿಲ್ಲುತ್ತಿದ್ದುದು ಸರಾಸರಿ ಎರಡೂವರೆ ನಿಮಿಷ. 2012ರ ಹೊತ್ತಿಗೆ ತಂತ್ರಾಂಶವೇ ಎಣಿಸಿದಾಗ 75 ಸೆಕೆಂಡು. ಆಮೇಲಿನ ವರ್ಷಗಳಲ್ಲಿ ಸುಮಾರು 47.

ಮನುಷ್ಯನ ಏಕಾಗ್ರತೆಯೇ 47 ಸೆಕೆಂಡಿಗೆ ಇಳಿದಿದೆ ಎಂದು ಹೆದರಿಸುವವರಿದ್ದಾರೆ. ಅದು ಸರಿಯಲ್ಲ. ಎಣಿಸಿದ್ದು ಪರದೆ ಬದಲಾದದ್ದನ್ನು. ಭೌತಶಾಸ್ತ್ರದ ಲೆಕ್ಕ ಬಿಡಿಸುತ್ತ ಸೂತ್ರಕ್ಕಾಗಿ ಇನ್ನೊಂದು ಪುಟ ತೆರೆದ ಹುಡುಗಿಯ ಗಮನ ಎಲ್ಲಿಗೂ ಹೋಗಿಲ್ಲ. ಮಾರ್ಕ್ ಅವರ ಇನ್ನೊಂದು ಸಂಗತಿ ಹೆಚ್ಚು ಯೋಚಿಸತಕ್ಕದ್ದು: ಅಡಚಣೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಜನ ತಾವೇ ತಂದುಕೊಳ್ಳುತ್ತಾರೆ.

ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕಚೇರಿಗಳೇ ಸಾಕ್ಷಿ. 2020ರಲ್ಲಿ ನೌಕರರು ಮನೆಯಿಂದ ದುಡಿಯತೊಡಗಿದಾಗ ಹಲವು ಕಂಪೆನಿಗಳು ಕೀಲಿ ಒತ್ತಿದ್ದನ್ನೂ ಮೌಸ್ ಅಲುಗಿದ್ದನ್ನೂ ಎಣಿಸುವ ತಂತ್ರಾಂಶ ಹಾಕಿಸಿದವು. ಮೌಸನ್ನು ತಾನಾಗಿ ಅಲುಗಾಡಿಸುವ ಪುಟ್ಟ ಯಂತ್ರಗಳಿಗೆ ಗಿರಾಕಿಗಳು ಹುಟ್ಟಿಕೊಂಡರು!

ಮನೆಯಲ್ಲಿ ಅಳೆಯಲು ಒಂದು ಹಾಳೆ, ಪೆನ್ಸಿಲ್, ಅಲಾರಂ ಸಾಕು. ಮುಗಿಸಬೇಕಾದ ಕೆಲಸವನ್ನು ಮೊದಲೇ ಬರೆದು 25 ನಿಮಿಷಕ್ಕೆ ಅಲಾರಂ ಇಡಬೇಕು. ತಾನಾಗಿ ಪಾಠ ಬಿಟ್ಟು ಬೇರೆಡೆ ಹೋದಾಗಲೆಲ್ಲ ಒಂದು ಗೆರೆ. ಯಾರಾದರೂ ಕರೆದರೆ, ಫೋನ್ ಸದ್ದು ಮಾಡಿದರೆ ಒಂದು ಸೊನ್ನೆ. ಕೊನೆಗೆ ನಿಜವಾಗಿ ಮುಗಿದದ್ದೆಷ್ಟು ಎಂದು ಬರೆಯುವುದು. ಮರುದಿನ ಬೆಳಿಗ್ಗೆ ಅದೇ ಲೆಕ್ಕವನ್ನು ಪರದೆಯಿಲ್ಲದೆ ಬಿಡಿಸಿದರೆ ಕಲಿತದ್ದೂ ಗೊತ್ತಾಗುತ್ತದೆ.

ಗೆರೆ ಎಳೆಯಬೇಕಾದವರು ವಿದ್ಯಾರ್ಥಿಗಳೇ. ತಂದೆ ಬೆನ್ನ ಹಿಂದೆ ನಿಂತು ಎಣಿಸಿದರೆ ಅಳತೆಗೆ ಸಿಗುವುದು ಗಮನವಲ್ಲ, ಭಯ. ಒಂದು ವಾರದ ಹಾಳೆಗಳನ್ನು ಸಾಲಾಗಿ ಇಟ್ಟರೆ ಯಾವ ಹೊತ್ತಿನಲ್ಲಿ ಗೆರೆಗಳು ಒತ್ತಾಗಿವೆ ಎಂಬುದು ಕಣ್ಣಿಗೆ ಕಾಣುತ್ತದೆ. ಸೊನ್ನೆಗಳೇ ಹೆಚ್ಚಿದ್ದರೆ ಹಾಳೆಯನ್ನು ತಂದೆತಾಯಿಯ ಕೈಗೆ ಕೊಡಬಹುದು. ಅವುಗಳಲ್ಲಿ ಕೆಲವು ನಡುಮನೆಯ ಟಿ.ವಿ.ಯವು, ಕೆಲವು ‘ಅಂಗಡಿಗೆ ಹೋಗಿ ಬಾ ಮಗಾ’ ಎಂದು ಕರೆದ ಕರೆಯವು.