ತಪ್ಪಿದವನ ಕೈಗೇ ಮತ್ತೆ ಚೆಂಡು ಕೊಡಿ

ಕಳೆದ ವರ್ಷ ನನ್ನ ತಂಡದ ಹುಡುಗನೊಬ್ಬ ರಾಜೀನಾಮೆ ಕೊಟ್ಟ. ಇಪ್ಪತ್ನಾಲ್ಕು ವರ್ಷ, ಕೆಲಸದಲ್ಲಿ ಚುರುಕು. ಬೇರೆ ಕಂಪನಿಯವರು ಹೆಚ್ಚು ಸಂಬಳ ಕೊಡುತ್ತಿರಬೇಕು ಎಂದುಕೊಂಡೇ ಕಾರಣ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹಿಂದಿಯಲ್ಲಿ ಹೇಳಿದ: ‘ಸರ್, ನಾನು ತಪ್ಪು ಮಾಡಿದಾಗೆಲ್ಲ ನೀವು ಲ್ಯಾಪ್‌ಟಾಪ್ ಎಳೆದುಕೊಂಡು ನೀವೇ ಸರಿ ಮಾಡಿಬಿಡುತ್ತೀರಿ. ನನಗೆ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ, ನಾಚಿಕೆಯೊಂದೇ ಉಳಿಯುತ್ತದೆ.’

ಅದಕ್ಕೂ ತಿಂಗಳ ಹಿಂದೆ ಕೋಡ್‌ನಲ್ಲಿದ್ದ ಒಂದು ದೋಷವನ್ನು ಅವನು ಎರಡು ದಿನ ಬಚ್ಚಿಟ್ಟಿದ್ದ. ಗ್ರಾಹಕರಿಂದ ಫೋನ್ ಬಂದ ಮೇಲೆಯೇ ನಮಗೆ ಗೊತ್ತಾಗಿದ್ದು. ಆಗ ಅವನ ಮೇಲೆ ಸಿಟ್ಟು ಬಂದಿತ್ತು. ಯಾಕೆ ಬಚ್ಚಿಟ್ಟ ಎಂಬುದು ಈಗ ತಿಳಿಯಿತು.

ಆ ಸಂಜೆ ಐರೋಲಿಯಿಂದ ಠಾಣೆಗೆ ಬಂದು ಡೊಂಬಿವಲಿ ಲೋಕಲ್ ಹಿಡಿದೆ. ಗಾಡಿಯ ಬಾಗಿಲ ಬಳಿ ನೇತಾಡುತ್ತಾ ನಿಂತಾಗ ನೆನಪಾದದ್ದು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವಾಗಿನ ಬ್ಯಾಸ್ಕೆಟ್‌ಬಾಲ್ ಪಂದ್ಯ. ನಾಲ್ಕು ವರ್ಷ ಕಾಲೇಜು ತಂಡದಲ್ಲಿ ಆಡಿದ್ದೆ. ನನ್ನ ಕ್ರೀಡಾಜೀವನ ಅಂದರೆ ಅಷ್ಟೇ, ಎಂಟೆಕ್‌ಗೆ ಸೇರಿದ ಮೇಲೆ ಶೂ ಅಟ್ಟ ಸೇರಿತು. ಆ ಪಂದ್ಯದಲ್ಲಿ ಒಂದು ಅಂಕ ಹಿಂದಿದ್ದೆವು. ಉಳಿದಿದ್ದು ಐದಾರು ಸೆಕೆಂಡ್. ಇಬ್ಬರು ಅಡ್ಡ ನಿಂತಿದ್ದರೂ ನಾನೇ ಶಾಟ್ ಹೊಡೆದೆ, ಬೀಳಲಿಲ್ಲ. ನಮ್ಮವನೊಬ್ಬ ರಿಂಗ್ ಕೆಳಗೆ ಕೈಯೆತ್ತಿ ಒಬ್ಬನೇ ನಿಂತಿದ್ದ. ಕೋಚ್ ಆಮೇಲೆ ಹೇಳಿದ್ದಿಷ್ಟೇ: ‘ಬಾಲ್ ಬೀಳಲಿಲ್ಲ ಅಂತ ಬೈತಿಲ್ಲ ತಮ್ಮಾ. ಅವನನ್ನ ನೋಡಲಿಲ್ಲವಲ್ಲ, ಅದಕ್ಕೆ ಬೈತಿದೀನಿ.’ ಹದಿನೈದು ವರ್ಷ ಕಳೆದರೂ ನಾನು ಆಫೀಸಿನಲ್ಲಿ ಆಡುತ್ತಿದ್ದದ್ದು ಅದೇ ಆಟ.

ಈ ಆಟದ ಸ್ಕೋರ್ ಪುಸ್ತಕದಲ್ಲಿ ನನಗೆ ಇಷ್ಟವಾಗುವ ಎರಡು ಸಂಗತಿಗಳಿವೆ. ಒಂದು, ತಪ್ಪಿದ ಶಾಟ್‌ಗಳನ್ನೂ ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಎರಡು, ಇನ್ನೊಬ್ಬ ಅಂಕ ಗಳಿಸುವಂತೆ ಪಾಸ್ ಕೊಟ್ಟವನ ಹೆಸರಿನ ಮುಂದೆ ‘ಅಸಿಸ್ಟ್’ ಎಂದು ಲೆಕ್ಕ ಹಾಕುತ್ತಾರೆ.

ಮೈಕೆಲ್ ಜೋರ್ಡಾನ್ ಅವರನ್ನೇ ನೋಡಿ. ವೃತ್ತಿಜೀವನದುದ್ದಕ್ಕೂ ಆಟದ ನಡುವೆ ಅವರು ಹೊಡೆದ ಶಾಟ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧ ತಪ್ಪಿವೆ. 1986–87ರಲ್ಲಿ ಪಂದ್ಯಕ್ಕೆ ಸರಾಸರಿ 37 ಅಂಕ ಗಳಿಸಿ ಎನ್‌ಬಿಎಯಲ್ಲೇ ಮೊದಲಿಗರಾದರು. ಆದರೆ ಅವರ ಷಿಕಾಗೊ ಬುಲ್ಸ್ ತಂಡ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಬೋಸ್ಟನ್ ವಿರುದ್ಧ 3–0ಯಿಂದ ಸೋತು ಮನೆಗೆ ಹೋಯಿತು. ಮೊದಲ ಪ್ರಶಸ್ತಿ ಬಂದದ್ದು 1991ರಲ್ಲಿ, ಎಲ್ಲರೂ ಚೆಂಡು ಹಂಚಿಕೊಂಡು ಆಡುವುದನ್ನು ತಂಡ ಕಲಿತ ಮೇಲೆ. 1997ರ ಫೈನಲ್‌ನ ಆರನೇ ಪಂದ್ಯದಲ್ಲಿ ಸ್ಕೋರ್ 86–86 ಇದ್ದಾಗ ಎದುರಾಳಿಗಳೆಲ್ಲ ಜೋರ್ಡಾನ್ ಕಡೆಗೇ ನುಗ್ಗಿದರು. ಅವರು ಚೆಂಡನ್ನು ಸ್ಟೀವ್ ಕೆರ್‌ಗೆ ಕೊಟ್ಟರು. ಕೆರ್ ಹೊಡೆದ ಶಾಟ್ ಬಿತ್ತು, ಪ್ರಶಸ್ತಿಯೂ ಬಂತು.

ಅಮೆರಿಕದ ಮಾತು ಬಿಡಿ, ಇಲ್ಲೇ ಮುಂಬೈ ಸೆಂಟ್ರಲ್ ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿ ನಾಗಪಾಡಾ ಇದೆ. ಇಕ್ಕಟ್ಟಾದ ಓಣಿಗಳು, ಒಂದಕ್ಕೊಂದು ಅಂಟಿಕೊಂಡ ಹಳೆಯ ಕಟ್ಟಡಗಳು. ಪತ್ರಿಕೆಗಳಲ್ಲಿ ಈ ಹೆಸರು ಬರುವುದು ಹೆಚ್ಚಾಗಿ ಅಪರಾಧದ ಸುದ್ದಿಗಳಲ್ಲಿ. ಆದರೆ ಭಾರತದ ಬ್ಯಾಸ್ಕೆಟ್‌ಬಾಲ್ ನಾಯಕರಾಗಿದ್ದ, 1970ರ ಅರ್ಜುನ ಪ್ರಶಸ್ತಿ ಪಡೆದ ಅಬ್ಬಾಸ್ ಮುಂತಸಿರ್ ಇದೇ ಓಣಿಗಳವರು. ಅವರಂಥ ಆಟಗಾರರನ್ನು ಬೆಳೆಸಿದ ಕೋಚ್ ಬಚ್ಚು ಖಾನ್ ಅವರ ಹೆಸರನ್ನೇ ಅಲ್ಲಿನ ಮೈದಾನಕ್ಕೆ ಇಟ್ಟಿದ್ದಾರೆ.

ಆ ಹುಡುಗ ಕೆಲಸ ಬಿಟ್ಟ ಮೇಲೆ ಒಂದು ಭಾನುವಾರ, ಅದೇ ಬಡಾವಣೆಯಲ್ಲಿ ಬೆಳೆದ ಸಹೋದ್ಯೋಗಿಯೊಬ್ಬರ ಜೊತೆ ಆ ಮೈದಾನಕ್ಕೆ ಹೋಗಿದ್ದೆ. ಹತ್ತು ವರ್ಷದ ಪೋರನೊಬ್ಬ ರಿಂಗ್ ಕೆಳಗೇ ನಿಂತು ಸುಲಭದ ಶಾಟ್ ತಪ್ಪಿಸಿದ. ಚೆಂಡು ಹಿಡಿದ ದೊಡ್ಡ ಹುಡುಗ ತಾನೇ ಹಾಕಿ ತೋರಿಸಬಹುದಿತ್ತು. ಹಾಗೆ ಮಾಡದೆ ಪೋರನ ಕೈಗೇ ಮತ್ತೆ ಕೊಟ್ಟ. ಅವನು ಮತ್ತೆ ತಪ್ಪಿಸಿದ, ಮತ್ತೆ ಚೆಂಡು ಅವನ ಕೈಗೇ ಬಂತು. ನಾಲ್ಕನೆಯದು ಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಆಟ ಮುಂದುವರಿಯಿತು. ನನಗೆ ಮಾತ್ರ ಲ್ಯಾಪ್‌ಟಾಪ್ ಎಳೆದುಕೊಳ್ಳುವ ನನ್ನ ಕೈ ಕಣ್ಣ ಮುಂದೆ ಬಂತು.

ತಪ್ಪಿದವನಿಂದ ಚೆಂಡು ಕಿತ್ತುಕೊಂಡರೆ ಆ ಪಂದ್ಯ ಗೆಲ್ಲಬಹುದು, ತಂಡ ಬೆಳೆಯುವುದಿಲ್ಲ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ನಮ್ಮ ಪುರುಷರ ತಂಡ ಆಡಿದ ಪಂದ್ಯಗಳನ್ನೆಲ್ಲ ಸೋತು 12 ತಂಡಗಳಲ್ಲಿ ಕೊನೆಯದಾಯಿತು. ಹಾಗೆಂದು ದೇಶ ಚೆಂಡು ಕೆಳಗಿಡಲಿಲ್ಲ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ, ಏಷ್ಯಾ ಕಪ್‌ನ ಎರಡನೇ ದರ್ಜೆಯಲ್ಲಿದ್ದ ನಮ್ಮ ಮಹಿಳೆಯರ ತಂಡ ಕಜಕಿಸ್ತಾನವನ್ನು 75–73ರಿಂದ ಮಣಿಸಿ ಮೇಲಿನ ದರ್ಜೆಗೇರಿತು. ಎರಡೇ ಅಂಕದ ಅಂತರ. ಇಂಥ ಗೆಲುವಿನ ಹಿಂದೆ ಎಷ್ಟು ವರ್ಷಗಳ ತಪ್ಪಿದ ಶಾಟ್‌ಗಳಿರುತ್ತವೆ ಎಂಬುದು ಆಡಿದವರಿಗೆ ಗೊತ್ತು.

ಆಫೀಸು ಆಟದ ಮೈದಾನವಲ್ಲ ಎನ್ನುವವರಿದ್ದಾರೆ. ಒಪ್ಪುತ್ತೇನೆ. ರಾತ್ರಿ ಎರಡಕ್ಕೆ ಸರ್ವರ್ ನಿಂತಾಗ ನಾಲ್ಕನೇ ಪ್ರಯತ್ನದವರೆಗೆ ಕಾಯಲಾಗದು, ಬಲ್ಲವರು ಕೈ ಹಾಕಲೇಬೇಕು. ಆದರೆ ಎಲ್ಲ ದಿನವೂ ರಾತ್ರಿ ಎರಡಲ್ಲ. ನಾನು ಪ್ರತಿದಿನವನ್ನೂ ಹಾಗೆ ಮಾಡಿಕೊಂಡಿದ್ದೆ. ನಮ್ಮ ಅಪ್ರೈಸಲ್ ಪದ್ಧತಿಯೂ ಅದಕ್ಕೆ ತಕ್ಕಂತಿದೆ. ನೀನೇನು ಮಾಡಿದೆ ಎಂದು ಕೇಳುತ್ತದೆ, ಯಾರಿಗೆ ಪಾಸ್ ಕೊಟ್ಟೆ ಎಂದು ಕೇಳುವುದಿಲ್ಲ. ಅಸಿಸ್ಟ್‌ಗೆ ಅಲ್ಲಿ ಕಾಲಮ್ಮೇ ಇಲ್ಲ.

ಅದಕ್ಕೇ ನಮ್ಮ ತಂಡದ ಮಟ್ಟಿಗೆ ಒಂದು ಕ್ರಮ ಶುರು ಮಾಡಿದ್ದೇನೆ. ಶುಕ್ರವಾರ ಹದಿನೈದು ನಿಮಿಷ ಎಲ್ಲರೂ ಕೂರುತ್ತೇವೆ. ಈ ವಾರ ಆದ ಒಂದು ತಪ್ಪು, ಸಿಕ್ಕ ಒಂದು ಸಹಾಯ, ಇಷ್ಟು ಹೇಳಬೇಕು. ನನ್ನ ಸಹಾಯವನ್ನು ನಾನೇ ಹೊಗಳಿಕೊಳ್ಳುವಂತಿಲ್ಲ, ಪಡೆದವರೇ ಹೇಳಬೇಕು. ಮೊದಲ ಮೂರು ವಾರ ಯಾರೂ ಬಾಯಿ ಬಿಡಲಿಲ್ಲ, ನನ್ನ ತಪ್ಪುಗಳನ್ನೇ ಹೇಳಿದೆ. ನಾಲ್ಕನೇ ವಾರ ಹೊಸ ಹುಡುಗಿಯೊಬ್ಬಳು ತನ್ನ ಕೋಡ್‌ನಲ್ಲಿ ದೋಷವಿದೆ ಎಂದು ರಿಲೀಸ್‌ಗೆ ಮೊದಲೇ ಹೇಳಿದಳು. ಕೈ ಲ್ಯಾಪ್‌ಟಾಪ್ ಕಡೆ ಹೋಯಿತು, ಹಿಂದೆಗೆದುಕೊಂಡೆ. ಪಕ್ಕದಲ್ಲಿ ಕುಳಿತೆ, ಅವಳೇ ಸರಿ ಮಾಡಿದಳು. ನಾನು ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಅರ್ಧ ದಿನ ಹಿಡಿಯಿತು. ಅದು ನಷ್ಟ ಎಂದು ನನಗನಿಸುವುದಿಲ್ಲ.

ಕೆಲಸ ಬಿಟ್ಟ ಹುಡುಗನಿಗೆ ಆ ರಾತ್ರಿ ಮೆಸೇಜ್ ಹಾಕಿ, ‘ನೀನು ಹೇಳಿದ್ದು ಸರಿ’ ಎಂದು ಬರೆದೆ. ಪುಣೆಯಲ್ಲಿ ಚೆನ್ನಾಗಿದ್ದಾನಂತೆ. ‘ಥ್ಯಾಂಕ್ಸ್ ಸರ್’ ಎಂದಷ್ಟೇ ಉತ್ತರ ಬಂತು. ಅವನು ನನಗೆ ಕೊಟ್ಟದ್ದೂ ಒಂದು ಪಾಸೇ. ಹಿಡಿಯಲು ನನಗೆ ತಡವಾಯಿತು.

ನಿಮ್ಮ ಕೈಕೆಳಗೂ ಯಾರಾದರೂ ಕೆಲಸ ಕಲಿಯುತ್ತಿರಬಹುದು, ಮನೆಯಲ್ಲಿ ಮಗನೋ ಮಗಳೋ ಲೆಕ್ಕ ತಪ್ಪು ಮಾಡಿ ನಿಮ್ಮ ಮುಖ ನೋಡುತ್ತಿರಬಹುದು. ಪೆನ್ಸಿಲ್ ಕಿತ್ತುಕೊಳ್ಳಬೇಡಿ. ಇನ್ನೊಮ್ಮೆ ಅವರ ಕೈಗೇ ಕೊಡಿ.